ಹಿತ್ತಲ ಮೆಟ್ಟಿಲ ಮೇಲಿನ ಮಶೇರಿ

ಎರಡು ನಿಮಿಷ ಎಷ್ಟು ಉದ್ದ ಎಂಬುದು ಮೊಬೈಲಿನಲ್ಲಿ ಗಂಟೆ ಹಚ್ಚಿಟ್ಟು ಹಲ್ಲುಜ್ಜುವವನಿಗೆ ಮಾತ್ರ ಗೊತ್ತು. ಬೆಳಗಾವಿಯ ನಮ್ಮ ಮನೆಯಲ್ಲಿ ಬೇಸಿನ್ನಿನ ಮೇಲೊಂದು ಕನ್ನಡಿ ಇದೆ. ಬೆಳಿಗ್ಗೆ ಆರಕ್ಕೊಮ್ಮೆ, ಮಲಗುವ ಮೊದಲೊಮ್ಮೆ ಅದರ ಮುಂದೆ ನಿಲ್ಲುತ್ತೇನೆ. ಕನ್ನಡಿಯೊಳಗೆ ಐವತ್ತು ದಾಟಿದ, ಸದಾ ಏನೋ ಕಳೆದುಕೊಂಡವನ ಮುಖದ ಒಬ್ಬ ಆಸಾಮಿ ನಿಂತಿರುತ್ತಾನೆ. ಅವನ ಜೊತೆ ನಾಲ್ಕು ಮಾತಾಡೋಣವೆಂದರೆ ನನ್ನ ಬಾಯಲ್ಲೂ ನೊರೆ, ಅವನ ಬಾಯಲ್ಲೂ ನೊರೆ.

ನಾನು ಹಲ್ಲುಜ್ಜಲು ಕಲಿತದ್ದು ಹೀಗಲ್ಲ. ಖಾನಾಪುರದಲ್ಲಿ ನಾನು ಸಣ್ಣವನಿದ್ದಾಗ ಹಲ್ಲುಜ್ಜುವುದೆಂದರೆ ಅರ್ಧ ತಾಸಿನ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಮಾತು.

ನಮ್ಮ ಹಿತ್ತಲ ಬಾಗಿಲಿಗೆ ಮೂರು ಕಲ್ಲಿನ ಮೆಟ್ಟಿಲುಗಳಿದ್ದವು. ಮೇಲಿನದರಲ್ಲಿ ಅವ್ವ, ನಡುವಿನದರಲ್ಲಿ ನನಗಿಂತ ಒಂಬತ್ತು ವರ್ಷ ದೊಡ್ಡವಳಾದ ಅಕ್ಕ, ಕೆಳಗಿನದರಲ್ಲಿ ನಾನು. ಮೋಟುಗೋಡೆಯ ಆಚೆ ಬಾಜೂಮನೆಯ ಮರಾಠಿ ಮಾವಶಿ. ಅಪ್ಪ ಅಷ್ಟೊತ್ತಿಗೆ ಹಂಚಿನ ಕಾರ್ಖಾನೆಯ ಪಾಳಿಗೆ ತಯಾರಾಗುತ್ತಿದ್ದ. ನನ್ನ ಅಂಗೈಯಲ್ಲಿ ಕೆಂಪು ಹಲ್ಲುಪುಡಿ. ಹೆಂಗಸರ ಅಂಗೈಯಲ್ಲಿ ಮಶೇರಿ.

ಮಶೇರಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಸಣ್ಣ ಡಬ್ಬಿಯಲ್ಲಿ ತುಂಬಿಡುತ್ತಾರೆ. ಹುರಿಯುವ ದಿನ ಓಣಿಗೆ ಓಣಿಯೇ ಸೀನುತ್ತದೆ. ಬೆಳಿಗ್ಗೆ ಎದ್ದು ಒಂದು ಚಿಟಿಕೆ ತೋರುಬೆರಳಿಗೆ ಹಚ್ಚಿಕೊಂಡು ಹಲ್ಲು, ಒಸಡು ಎಲ್ಲ ತಿಕ್ಕಿ, ಉಳಿದದ್ದನ್ನು ಕೆಳತುಟಿಯ ಒಳಗೆ ಒತ್ತಿಟ್ಟುಕೊಂಡು ಕೂಡುವುದು. ಹೆಂಗಸೊಬ್ಬಳು ಬೀಡಿ ಸೇದಿದ್ದರೆ ಊರೆಲ್ಲ ಆಡಿಕೊಳ್ಳುತ್ತಿತ್ತು. ಮಶೇರಿಗೆ ಮಾತ್ರ ಯಾರೂ ಚಕಾರ ಎತ್ತುತ್ತಿರಲಿಲ್ಲ. ಯಾಕೆಂದರೆ ಅದು ಹಲ್ಲುಜ್ಜುವುದು, ಶುಚಿಯ ಬಾಬತ್ತು. ಅವ್ವನಂತೂ ಮಶೇರಿ ತಿಕ್ಕಿ, ಹತ್ತು ಸಲ ಬಾಯಿ ಮುಕ್ಕಳಿಸದೆ ಲಿಂಗಪೂಜೆಗೆ ಕೂಡುತ್ತಿರಲಿಲ್ಲ.

ಬೆರಳು ಬಾಯಲ್ಲಿಟ್ಟುಕೊಂಡೇ ಮಾತಾಡುವ ಕಲೆ ಆ ಹೆಂಗಸರಿಗಿತ್ತು. ತುಟಿಯ ಒಂದು ಅಂಚಿನಿಂದ ಮಾತು ಹೊರಬರುತ್ತಿತ್ತು, ಅರ್ಧ ಕನ್ನಡ, ಅರ್ಧ ಮರಾಠಿ, ನಡುನಡುವೆ ನಿಂಬೆಗಿಡದ ಬುಡಕ್ಕೊಂದು ಉಗುಳು. ಯಾರ ಮನೆಗೆ ಹೆಣ್ಣು ನೋಡಲು ಬಂದರು, ಯಾರ ಎಮ್ಮೆ ಈದಿತು, ಯಾವ ಮಾಸ್ತರು ಲೋಂಡಾಕ್ಕೆ ವರ್ಗವಾಗಿ ಕಾಡಿನಲ್ಲಿ ಹೆದರಿ ರಜೆ ಹಾಕಿ ಬಂದರು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ನನ್ನ ಹಲ್ಲು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಎದ್ದರೆ ಕಥೆ ತಪ್ಪುತ್ತದೆಂದು ಸುಮ್ಮನೆ ಬೆರಳಾಡಿಸುತ್ತ ಕೂತಿರುತ್ತಿದ್ದೆ. ಅಕ್ಕನ ಮದುವೆ ಗೊತ್ತಾದ ಸುದ್ದಿಯನ್ನು ನಾನು ಕೇಳಿದ್ದೂ ಆ ಮೆಟ್ಟಿಲ ಮೇಲೆಯೇ. ಅವಳೇ ಹೇಳಿದಳು, ಗೋಡೆಯ ಕಡೆ ಮುಖ ಮಾಡಿಕೊಂಡು. ಬಾಯಲ್ಲಿ ಮಶೇರಿ ಇತ್ತು. ದನಿ ತೊದಲಿದ್ದು ಮಶೇರಿಯಿಂದಲೋ ಅಳುವಿನಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮದುವೆಯಾಗಿ ಅವಳು ದೂರವೇನೂ ಹೋಗಲಿಲ್ಲ. ಅದೇ ಖಾನಾಪುರ, ಎರಡು ಓಣಿ ಆಚೆ. ಆ ಮನೆಗೂ ಹಿತ್ತಲಿತ್ತು, ಹಿತ್ತಲಿಗೆ ಮೆಟ್ಟಿಲಿತ್ತು. ಮರುವಾರದಿಂದಲೇ ನಾನು ಬೆಳಿಗ್ಗೆ ಎದ್ದು, ಅಂಗೈಯಲ್ಲಿ ಹಲ್ಲುಪುಡಿ ಹಾಕಿಕೊಂಡು, ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿ, ಎರಡು ಓಣಿ ನಡೆದು ಅಕ್ಕನ ಬಳಿ ಹಲ್ಲುಜ್ಜಲು ಹೋಗತೊಡಗಿದೆ. ಗಾಳಿಯ ದಿನ ಮುಟ್ಟುವಷ್ಟರಲ್ಲಿ ಅರ್ಧ ಪುಡಿ ಅಂಗಿಗೆ ಬಳಿದಿರುತ್ತಿತ್ತು. ದಾರಿಯಲ್ಲಿ ಸಿಕ್ಕವರು, "ಎಲ್ಲಿಗೋ ಸವಾರಿ?" ಎಂದರೆ, "ಹಲ್ಲ ತಿಕ್ಕಾಕ ಹೊಂಟೇನ್ರಿ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಅದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ಹೊಳೆದಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಇದರ ಹಿಂದೆ ನನ್ನದೊಂದು ಪಾಪ ಇದೆ. ಇದೆ ಎಂದು ನಾನು ನಲವತ್ತೈದು ವರ್ಷ ನಂಬಿದ್ದೆ.

ನಾನು ಒಂದನೇ ಇಯತ್ತೆಯಲ್ಲಿದ್ದಾಗ ಒಂದು ಮಧ್ಯಾಹ್ನ ಅಕ್ಕನಿಗೆ ಹಲ್ಲುನೋವು ಬಂತು. ಕೆನ್ನೆ ಊದಿ ಅವಳು ಕಂಬಕ್ಕೆ ಒರಗಿ ಅಳುತ್ತಿದ್ದಳು. ಮನೆಯಲ್ಲಿ ದೊಡ್ಡವರಿರಲಿಲ್ಲ. ನಾನು ಗೋಡೆ ಹಾರಿ ಮಾವಶಿಯನ್ನು ಕೇಳಿದೆ. ಅವಳು ಬೆಲ್ಲದ ತುಣುಕಿನ ಜೊತೆ ನನ್ನ ಅಂಗೈಗೆ ಒಂದು ಚಿಟಿಕೆ ಮಶೇರಿ ಹಾಕಿ, "ಹಲ್ಲಿಗೆ ಒತ್ತಿಕೊಳ್ಳಲಿ, ನೋವು ಓಡಿ ಹೋಗ್ತದ" ಎಂದಳು. ಬೆಲ್ಲ ನನ್ನ ಬಾಯಿಗೆ ಹೋಯಿತು, ಮಶೇರಿ ಅಕ್ಕನ ಬಾಯಿಗೆ. ನೋವು ಖರೇನೇ ಓಡಿಹೋಯಿತು. ಮಶೇರಿ ಮಾತ್ರ ಹೋಗಲಿಲ್ಲ.

ಮುಂದೆ ನಾನು ಓದಿ, ಬೆಳಗಾವಿಯ ವಿಮಾ ಕಚೇರಿಯೊಂದರಲ್ಲಿ ಕ್ಲೇಮಿನ ಕಾಗದ ನೋಡುವ ಕೆಲಸಕ್ಕೆ ಸೇರಿದೆ. ಹುಟ್ಟಾ ಚಿಂತೆಗಾರನನ್ನು ಆ ಕುರ್ಚಿಯ ಮೇಲೆ ಕೂಡಿಸಬಾರದಿತ್ತು. ದಿನಾ ಬೇರೆಯವರ ರೋಗ ಓದುತ್ತೇನೆ, ಸಂಜೆಯ ಹೊತ್ತಿಗೆ ಅದರಲ್ಲಿ ಎರಡಾದರೂ ನನಗೆ ಬಂದಿರುತ್ತವೆ. ಬಾಯಿಯ ಕ್ಯಾನ್ಸರಿನ ಕಾಗದಗಳು ಬಂದಾಗಂತೂ ಊಟ ಸೇರುವುದಿಲ್ಲ. ಗಂಟಲಿನಲ್ಲಿ ನಳಿಕೆ, ದವಡೆಯ ಆಪರೇಷನ್ನು, ಜೊತೆಗೆ ಬಾಯೊಳಗಿನ ಒಂದು ಫೋಟೋ. "ತಂಬಾಕಿನ ಅಭ್ಯಾಸ ಇತ್ತೇ?" ಎಂಬ ಕಾಲಮ್ಮಿನಲ್ಲಿ ಎಷ್ಟೋ ಹೆಂಗಸರ ಮನೆಯವರು "ಇಲ್ಲ" ಎಂದು ಬರೆದಿರುತ್ತಾರೆ. ಸುಳ್ಳು ಬರೆಯುವುದಿಲ್ಲ ಅವರು. ಮಶೇರಿಯನ್ನು ತಂಬಾಕೆಂದು ಅವರು ಯಾವತ್ತೂ ಎಣಿಸಿರುವುದಿಲ್ಲ, ಅಷ್ಟೇ.

ಹೀಗೆ ಓದಿ ಓದಿ ನಾನು ನನ್ನ ಹಲ್ಲಿನ ಮೇಲೆ ಸೇಡು ತೀರಿಸಿಕೊಂಡೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಗಟ್ಟಿ ಎಳೆಯ ಬ್ರಶ್ ತಂದು, ಮೂರು ಹೊತ್ತು, ಹೆಗಲು ನೋಯುವ ತನಕ ಅಡ್ಡಡ್ಡ ಉಜ್ಜುತ್ತಿದ್ದೆ. "ಹಲ್ಲ ತಿಕ್ಕಾಕತ್ತೀರೋ, ಬಾಗಲಾ ಹೆರಿಯಾಕತ್ತೀರೋ?" ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಕೂಗುತ್ತಿದ್ದಳು. ನನಗೆ ಅದೊಂದು ಪ್ರಶಸ್ತಿಯಂತೆ ಕೇಳುತ್ತಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲಿನ ಭಾನುವಾರ ಖಾನಾಪುರಕ್ಕೆ ಹೋಗಿದ್ದೆ. ಅಕ್ಕನಿಗೆ ಈಗ ಅರವತ್ತು ದಾಟಿದೆ. ಅವಳ ಗಂಡ ತೀರಿಕೊಂಡು ಕೆಲವು ವರ್ಷವಾಯಿತು. ಮಗ, ಸೊಸೆ ಜೊತೆಗಿದ್ದಾರೆ. ಅಕ್ಕ ಹಿತ್ತಲ ಮೆಟ್ಟಿಲ ಮೇಲೆ ಎಳೆ ಬಿಸಿಲಿಗೆ ಮುಖ ಕೊಟ್ಟು ಮಶೇರಿ ತಿಕ್ಕುತ್ತ ಕೂತಿದ್ದಳು. ನಾನು ಯಥಾಪ್ರಕಾರ ಕೆಳಗಿನ ಮೆಟ್ಟಿಲಿನಲ್ಲಿ. ಯಾರದೋ ಮದುವೆಯಲ್ಲಿ ಬೀಗರು ಹೋಳಿಗೆಗಾಗಿ ಜಗಳಾಡಿದ ಕಥೆ ಹೇಳುತ್ತ ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ಬಿಸಿಲು ಅವಳ ಬಾಯೊಳಗೆ ಬಿತ್ತು. ಕೆಳತುಟಿಯ ಒಳಗೆ, ಅವಳು ಮಶೇರಿ ಒತ್ತಿಡುವ ಜಾಗದಲ್ಲಿ, ಉಗುರಿನಗಲದ ಬಿಳಿ ಮಚ್ಚೆ ಕಂಡಿತು.

ಆ ಮಚ್ಚೆಯನ್ನು ನಾನು ಕಾಗದದ ಮೇಲೆ ಎಷ್ಟೋ ಸಲ ನೋಡಿದ್ದೇನೆ.

"ಅಕ್ಕಾ, ಬಾಯಿ ತಗಿ."

"ಯಾಕೋ?"

"ತಗಿ ಅಂದ್ರ ತಗಿ."

"ಅಲ್ಲೋ, ಎತ್ತಿನ ಹಲ್ಲ ನೋಡಿದಂಗ ನೋಡಾಕತ್ತಿಯಲ್ಲ, ಸಂತ್ಯಾಗ ಮಾರಾವ ಅದಿಯೇನ ನನ್ನ?"

"ಇದು ಎಷ್ಟ ದಿನಾ ಆತು? ಈ ಬೆಳ್ಳಂದು?"

"ಯಾಂವ ಬಲ್ಲ. ನೋವಿಲ್ಲ, ಏನಿಲ್ಲ. ಮುಂದಿನ ಎರಡ ಹಲ್ಲ ಅಷ್ಟ ಅಳಗ್ಯಾಡತಾವ. ರೊಟ್ಟಿ ಚಾದಾಗ ಅದ್ದಿ ತಿಂತೇನಿ."

ದವಾಖಾನೆಗೆ ಹೋಗೋಣ ಎಂದೆ. ಅವಳು ಕೈ ಝಾಡಿಸಿದಳು. "ದಿನಾ ನಾಕ್ ಸಲ ತಿಕ್ಕಾಕಿ ನಾನು. ಮುಂಜಾನೆ, ಉಂಡ ಮ್ಯಾಲೆ, ಸಂಜೀಕ, ಮಲಗೂ ಮುಂದ. ನನ್ನ ಹಲ್ಲಿಗೇನ ಧಾಡಿ? ನೀ ತೋರಸ್ಕೋ ನಿನ್ನ ಹಲ್ಲ."

ವಾದಿಸಿದೆ, ಹೆದರಿಸಿದೆ, ಕೊನೆಗೆ ಕಣ್ಣಲ್ಲಿ ನೀರು ಬಂತು. ಚಿಂತೆಗಾರರಿಗೆ ಇದೊಂದು ಅನುಕೂಲ, ನೀರು ಯಾವಾಗಲೂ ತಯಾರಿರುತ್ತದೆ. ಅಕ್ಕ ಮಶೇರಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಆತು. ಆದ್ರ ಬಾಯಿ ತಗದ್ರ ಇಬ್ರೂ ತಗಿಯೂಣು. ನನ್ನೊಬ್ಬಾಕಿನ್ನ ಕುಂದರಿಸಿ ನೀ ಬಾಜೂಕ ನಿಂತ ಉಪದೇಶ ಮಾಡಂಗಿಲ್ಲ." ಒಪ್ಪಿದೆ. ನನ್ನ ಬಾಯಿಯ ಬಗ್ಗೆ ನನಗೆ ಅಷ್ಟು ಭರವಸೆ ಇತ್ತು.

ಬೆಳಗಾವಿಯ ಕ್ಯಾಂಪ್ ಬಡಾವಣೆಯ ಹಳೆಯ ಬಂಗಲೆಯೊಂದರ ಮುಂದಿನ ಎರಡು ಕೋಣೆಗಳಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರು. ನನ್ನ ಮಗಳ ವಯಸ್ಸಿನ ಹುಡುಗಿ, ಆದರೆ ಮಾತಿನಲ್ಲಿ ಹಿರಿಯಳು. ಅಕ್ಕನನ್ನು ಕುರ್ಚಿಯಲ್ಲಿ ಒರಗಿಸಿ, ದೀಪ ಎಳೆದು, "ದಿನಾ ಹಲ್ಲು ತಿಕ್ಕತೀರೇನ್ರಿ ಅವ್ವಾರ?" ಎಂದು ಕೇಳಿದರು.

"ನಾಕ್ ಸಲ" ಎಂದಳು ಅಕ್ಕ, ನನ್ನ ಕಡೆ ನೋಡುತ್ತ.

"ಏನ ಹಚ್ಚಿ ತಿಕ್ಕತೀರಿ?"

"ಮಶೇರಿರಿ. ಮನ್ಯಾಗ ಹುರದದ್ದು. ಅಂಗಡಿದು ಕಸಾ ಇರತೈತಿ."

ಡಾಕ್ಟರು ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ. ಸ್ಟೂಲು ಹತ್ತಿರಕ್ಕೆ ಎಳೆದು ಕೂತು, ಅಕ್ಕನ ಕೈಗೇ ದೊಡ್ಡ ಕನ್ನಡಿ ಕೊಟ್ಟರು.

"ನೀವ ನೋಡ್ರಿ ಅವ್ವಾರ. ಹಲ್ಲಿನ ಬುಡಕ್ಕ ಇದು ಕರ್ರಗ ಕುಂತೈತಲ್ಲ, ಇದು ಕಲ್ಲು. ಉಂಡದ್ದರ ಹೊಲಸು ದಿನಾ ತಗೀಲಿಲ್ಲಂದ್ರ ಹಿಂಗ ಗಾರಿ ಆಗತೈತಿ. ಗಾರಿ ಬೆಳದಂಗ ವಸಡು ಹಲ್ಲಿನ ಕೈ ಬಿಡತಾವ. ಹಲ್ಲು ಗಟ್ಟಿ ಇದ್ರೂ ಹಿಡಕೊಳ್ಳಾಕ ಏನೂ ಇರೂದಿಲ್ಲ."

"ಹಂಗಾದ್ರ ನಾ ತಿಕ್ಕಿದ್ದು?"

"ತಂಬಾಕು ಹೊಲಸು ತಗಿಯೂದಿಲ್ರಿ. ಜೋಮು ಹಿಡಸತೈತಿ. ಬ್ಯಾನಿ ಗೊತ್ತಾಗೂದಿಲ್ಲ, ಒಳಗ ಕೆಡೂದು ಕೆಡತಿರತೈತಿ."

ಅಕ್ಕ ಕನ್ನಡಿಯಲ್ಲಿ ತನ್ನ ಬಾಯಿಯನ್ನು ಬಹಳ ಹೊತ್ತು ನೋಡಿದಳು. ನಲವತ್ತೈದು ವರ್ಷ ದಿನಾ ನಾಲ್ಕು ಸಲ ಶ್ರದ್ಧೆಯಿಂದ ಮಾಡಿದ ಕೆಲಸ ಕೆಲಸವೇ ಆಗಿರಲಿಲ್ಲ ಎಂದು ಗೊತ್ತಾದವಳ ಮುಖ ಅದು. ನನಗೆ ನೋಡಲಾಗಲಿಲ್ಲ. ಗೋಡೆಯ ಮೇಲಿನ ದವಡೆಯ ಚಿತ್ರ ನೋಡಿದೆ. ಅದನ್ನೂ ನೋಡಲಾಗಲಿಲ್ಲ.

ಮಚ್ಚೆಯ ಬಗ್ಗೆ ಡಾಕ್ಟರು ಹೇಳಿದ್ದು ಇಷ್ಟು. ಮಶೇರಿ ಇವತ್ತೇ ಪೂರ್ತಿ ಬಿಡಬೇಕು. ಎರಡು ವಾರ ಬಿಟ್ಟು ಮತ್ತೆ ನೋಡುವುದು. ಮಚ್ಚೆ ಕರಗುತ್ತಿದ್ದರೆ ಸಮಾಧಾನ. ಹಾಗೇ ಇದ್ದರೆ ಅದರದೊಂದು ಚೂರು ತೆಗೆದು ನೆಹರು ನಗರದ ದೊಡ್ಡ ಆಸ್ಪತ್ರೆಗೆ ತಪಾಸಣೆಗೆ ಕಳಿಸುವುದು. ಆ ತಪಾಸಣೆಯ ಆಚೆ ಏನೇನು ಕಾಗದಗಳು ಬರುತ್ತವೆಂದು ನನಗೆ ಅವರು ಹೇಳಬೇಕಾಗಿರಲಿಲ್ಲ.

ಆಮೇಲೆ ನನ್ನ ಸರದಿ. ನಾನು ಒರಗಿ, ಶಹಬ್ಬಾಸ್‌ಗಿರಿಗೆ ಕಾಯುವವನಂತೆ ಬಾಯಿ ತೆರೆದೆ.

"ಯಾವ ಬ್ರಶ್ ರೀ ನಿಮ್ಮದು?"

"ಹಾರ್ಡ್. ಮೂರ್ ಸಲ ತಿಕ್ಕತೇನ್ರಿ."

"ಗೊತ್ತಾಗತೈತಿ. ನೀವ ಹಲ್ಲ ತಿಕ್ಕಿಲ್ರಿ, ಭಾಂಡೆ ತಿಕ್ಕೀರಿ. ಹಲ್ಲಿನ ಕುತಗಿ ಸವದ ಹಳ್ಳ ಬಿದ್ದಾವ. ವಸಡು ಹೆದರಿ ಮ್ಯಾಲ ಏರ್ಯಾವ. ಮತ್ತ ಇಷ್ಟ ತಿಕ್ಕಿದ್ರೂ ಹಿಂದಿನ ದವಡಿ ಸಂದ್ಯಾಗ ಹೊಲಸ ಹಂಗ ಐತಿ, ಅಲ್ಲಿ ಬ್ರಶ್ಶ ಮುಟ್ಟೇ ಇಲ್ಲ."

ಅಕ್ಕನಿಗೆ ಹೋದ ಜೀವ ಬಂತು. "ಸಣ್ಣಾಂವಿದ್ದಾಗಿಂದ ಹಿಂಗ್ರಿ ಡಾಕ್ಟರ್ ಬಾಯಾರ! ಪಾಟಿ ಮ್ಯಾಲಿನ ಅಕ್ಷರಾ ಒರಸಿ ಒರಸಿ ಅಂಗಿ ತೋಳ ಹರಕೊಂಡ ಬರತಿದ್ದ. ಅಕ್ಷರಾ ಮಾತ್ರ ಹಂಗ ಇರತಿತ್ತು."

ಡಾಕ್ಟರು ಪ್ಲಾಸ್ಟಿಕ್ಕಿನ ದವಡೆಯೊಂದನ್ನು ತಂದು ನಮ್ಮಿಬ್ಬರಿಗೂ ಪಾಠ ಮಾಡಿದರು. ಮೆತ್ತನೆಯ ಬ್ರಶ್ಶು. ಒಸಡಿನ ಕಡೆಗೆ ಸ್ವಲ್ಪ ಓರೆ ಹಿಡಿದು, ಮಗುವಿನ ಕೆನ್ನೆ ಸವರಿದಷ್ಟೇ ಭಾರ ಹಾಕಿ, ಸಣ್ಣ ಸಣ್ಣ ಸುತ್ತು. ಒಳಮೈ, ಹೊರಮೈ, ಕಟ್ಟಕಡೆಯ ದವಡೆಯ ಹಿಂದೂ. ಬೆಳಿಗ್ಗೆ ಎರಡು ನಿಮಿಷ, ಮಲಗುವ ಮೊದಲು ಎರಡು ನಿಮಿಷ, ರಾತ್ರಿಯದನ್ನು ಎಂದೂ ತಪ್ಪಿಸಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹೊಲಸಿಗೆ ಹೇಳುವವರು ಕೇಳುವವರು ಇರುವುದಿಲ್ಲವಂತೆ. ಐವತ್ತು ದಾಟಿದವನೂ ಅರವತ್ತು ದಾಟಿದವಳೂ ಅಕ್ಕಪಕ್ಕ ಕೂತು, ಸರದಿಯ ಮೇಲೆ ಪ್ಲಾಸ್ಟಿಕ್ ಹಲ್ಲು ತಿಕ್ಕಿದೆವು. ಅಕ್ಕ ನನಗಿಂತ ಬೇಗ ಕಲಿತಳು.

ಆ ಎರಡು ವಾರ ಅವಳನ್ನು ಬೆಳಗಾವಿಯಲ್ಲೇ ಇಟ್ಟುಕೊಂಡೆ. ಕಾವಲಿಗೆ. ಡಬ್ಬಿಯನ್ನು ಅವಳೇ ನನ್ನ ಕೈಗೆ ಕೊಟ್ಟಳು, ಹಿತ್ತಾಳೆಯದು, ಮುಚ್ಚಳ ಸವೆದು ಕನ್ನಡಿಯಂತಾಗಿತ್ತು. ಕಚೇರಿಗೆ ಒಯ್ದು ನನ್ನ ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದೆ.

ಮೊದಲ ನಾಲ್ಕು ದಿನ ಅವಳಿಗೆ ತಲೆನೋವು. ಬೆಳಿಗ್ಗೆ ಹೊಟ್ಟೆ ಸಾಫಾಗಲಿಲ್ಲ ಎಂಬುದನ್ನು ಅವಳು ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನಿಗೂ ಹೇಳಿದಳು. ಚಹಾ ಸೇರಲಿಲ್ಲ. ಸುಮ್ಮಸುಮ್ಮನೆ ನನ್ನ ಮೇಲೆ ರೇಗಿದಳು. ಬಲಗೈಯ ತೋರುಬೆರಳು ಸುಮ್ಮನಿರಲಾರದೆ ಸೆರಗಿನ ಅಂಚನ್ನೋ ಕುರ್ಚಿಯ ಕೈಯನ್ನೋ ತಿಕ್ಕುತ್ತಿತ್ತು. ಕಡೆಗೆ ನನ್ನ ಹೆಂಡತಿ ಒಂದು ಬುಟ್ಟಿ ಬೆಳ್ಳುಳ್ಳಿ ತಂದು ಮುಂದಿಟ್ಟಳು. ಅಕ್ಕ ಅದನ್ನು ಸುಲಿದಳು, ಮರುದಿನ ಇನ್ನೊಂದು ಬುಟ್ಟಿ. "ಇನ್ನೊಂದ ವಾರ ಇದ್ರ ವರ್ಷದ ಬಳ್ಳೊಳ್ಳಿ ಎಲ್ಲಾ ಸುಲದ ಮುಗೀತೈತಿ" ಎಂದಳು ಹೆಂಡತಿ, ಆದರೆ ಬೈಯದೆ.

ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಬೇಸಿನ್ನಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದೆವು. ಎಷ್ಟು ವರ್ಷದ ಮೇಲೆ ಅಕ್ಕನ ಜೊತೆ ದಿನಾ ಹಲ್ಲುಜ್ಜುವ ಯೋಗ! ಮೊದಲ ದಿನ ಹಿಗ್ಗಿನಿಂದ ಎದ್ದಿದ್ದೆ. ಆದರೆ ಇಬ್ಬರ ಬಾಯಲ್ಲೂ ನೊರೆ. ಅವಳು ಏನೋ ಹೇಳಲು ಹೋಗಿ "ಬ್ಬ ಬ್ಬ" ಎಂದು, ಕೈಯಾಡಿಸಿ, ಬಿಟ್ಟುಬಿಟ್ಟಳು. ಗಂಟೆ ಹೊಡೆಯಿತು, ಉಗುಳಿದೆವು. "ಆತಲ್ಲ?" ಎಂದು ಅವಳು ಅಡುಗೆಮನೆಗೆ ಹೋದಳು. ನಾನು ಹಸಿ ಬ್ರಶ್ ಹಿಡಿದು ಅಲ್ಲೇ ನಿಂತಿದ್ದೆ. ಏನು ಹೇಳಲಿದ್ದೆ ಎಂದು ಆಮೇಲೆ ಕೇಳಿದರೆ, "ಏನಿಲ್ಲ ಬಿಡು, ಮರತ ಹೋತು" ಎಂದಳು.

ಹನ್ನೊಂದನೆಯ ದಿನ ಮಧ್ಯಾಹ್ನ, ಬಾಲ್ಕನಿಯಲ್ಲಿ ಅವಳು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ, ತಡೆಯಲಾರದೆ ಬಾಯಿಬಿಟ್ಟೆ.

"ಅಕ್ಕಾ, ಅವತ್ತ ಮಾವಶಿ ಹಂತ್ಯಾಕಿಂದ ಮಶೇರಿ ತಂದ ಕೊಟ್ಟಾಂವ ನಾನು. ನಾ ತರದಿದ್ರ ಇದೇನೂ ಆಗತಿರಲಿಲ್ಲ."

ಅವಳು ಸುಲಿಯುವುದನ್ನು ನಿಲ್ಲಿಸಿದಳು. "ಯಾವತ್ತ?"

"ನಿನಗ ಹಲ್ಲ ಬ್ಯಾನಿ ಬಂದಿತ್ತಲ್ಲ. ಕಂಬಕ್ಕ ಒರಗಿ ಅಳತಿದ್ದಿ."

ಅಕ್ಕ ನನ್ನನ್ನು ನೋಡಿ, ಬುಟ್ಟಿ ಬದಿಗಿಟ್ಟು, ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು. "ಅಯ್ಯ ಹುಚ್ಚಾ! ಅದಕಿಂತ ಒಂದ ವರ್ಷ ಮೊದ್ಲಿಂದ ಅವ್ವನ ಡಬ್ಬ್ಯಾಗಿಂದ ಕದ್ದ ಹಚ್ಚಕೋತಿದ್ನಿ ನಾನು. ಹಲ್ಲ ಬ್ಯಾನಿ ಬಂದದ್ದ ಛಲೋ ಆತು, ಎಲ್ಲಾರ ಮುಂದ ಹಚ್ಚಕೊಳ್ಳಾಕ ಪರವಾನಗಿ ಸಿಕ್ಕಂಗಾತು. ಇದನ್ನ ಇಷ್ಟ ವರ್ಷ ತಲಿಮ್ಯಾಲ ಹೊತ್ತಿದ್ದೇನ ನೀ?"

ನಲವತ್ತೈದು ವರ್ಷ ಜೋಪಾನ ಮಾಡಿದ ಪಾಪ ನನ್ನದಲ್ಲವೆಂದು ಗೊತ್ತಾದಾಗ ಹಗುರಾಗಬೇಕಿತ್ತು. ಖರೇ ಹೇಳುತ್ತೇನೆ, ಸ್ವಲ್ಪ ಅವಮಾನವಾಯಿತು.

ನಗು ಇಳಿದ ಮೇಲೆ ಅವಳು ಮತ್ತೆ ಬೆಳ್ಳುಳ್ಳಿ ಕೈಗೆತ್ತಿಕೊಂಡಳು. "ಯಾಕ ಕದೀತಿದ್ನಿ ಗೊತ್ತೇನ? ಅದರ ರುಚಿಗೇನಲ್ಲ. ಅವ್ವ ಎದ್ದ ಗಳಿಗಿಂದ ದುಡಿಯಾಕಿ. ಮಶೇರಿ ಹಚ್ಚಕೊಂಡ ಕುಂತಾಗ ಮಾತ್ರ ಅಪ್ಪನೂ ಏನ ಅಂತಿರಲಿಲ್ಲ. ಬಾಯಾಗ ಬೆರಳಿದ್ದಾಕಿಗೆ ಯಾರೂ ಕೆಲಸಾ ಹೇಳೂದಿಲ್ಲೋ. ಗಂಡನ ಮನ್ಯಾಗೂ ಹಂಗ. ಕಸಾ ಹೊಡಿ, ನೀರ ತುಂಬು, ರೊಟ್ಟಿ ಬಡಿ. ಅತ್ತಿ ಕರದ್ರ 'ಹಲ್ಲ ತಿಕ್ಕಾಕತ್ತೇನ್ರಿ' ಅಂದ್ರ ಸುಮ್ನಾಗತಿದ್ರು. ದಿನದಾಗ ಅದೊಂದ ಅರ್ಧಾ ತಾಸ ನಂದು. ನೀ ಬರತಿದ್ದೆಲ್ಲ, ಅಂಗೈಯಾಗ ಪುಡಿ ಹಿಡಕೊಂಡು, ಅಂಗಿ ತುಂಬ ಕೆಂಪಗ ಬಳಕೊಂಡು. ನೀ ಬರೂತನಾ ಉಗಳತಿರಲಿಲ್ಲ ನಾನು."

ನಾನು ಒಂದು ಎಸಳು ಬೆಳ್ಳುಳ್ಳಿ ತೆಗೆದುಕೊಂಡು ಸುಲಿಯಲು ನೋಡಿದೆ. ಸಿಪ್ಪೆ ಕಾಣಲಿಲ್ಲ.

ಎರಡು ವಾರ ತುಂಬಿದ ದಿನ ಕ್ಯಾಂಪಿಗೆ ಹೋಗುವ ರಿಕ್ಷಾದಲ್ಲಿ ನಾನು ಹದಿನಾಲ್ಕು ಬಗೆಯ ಅನಾಹುತ ಯೋಚಿಸಿದೆ. ಅಕ್ಕ ದಾರಿಯ ಅಂಗಡಿಗಳ ಬೋರ್ಡು ಓದುತ್ತ ಬಂದಳು. ಕನ್ನಡದ್ದೂ ಓದಿದಳು, ಮರಾಠಿಯದ್ದೂ ಓದಿದಳು, ಜೋರಾಗಿ. ಅವಳಿಗೂ ಹೆದರಿಕೆಯಾಗಿದೆ ಎಂದು ಆಗ ತಿಳಿಯಿತು.

ಡಾಕ್ಟರು ತುಟಿ ಮಗುಚಿ ದೀಪ ಹಿಡಿದರು. ಒಂದು ಬದಿಯಿಂದ, ಇನ್ನೊಂದು ಬದಿಯಿಂದ. ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ನನ್ನನ್ನು ಕರೆದು ತೋರಿಸಿದರು. ಉಗುರಿನಗಲದ ಮಚ್ಚೆ ಇದ್ದಲ್ಲಿ ತೆಳ್ಳಗಿನ ಮಬ್ಬು, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ.

"ಕರಗಾಕತ್ತೈತಿ. ಸದ್ಯ ಚೂರು ತಗಿಯೂದ ಬ್ಯಾಡ. ತಿಂಗಳಿಗೊಮ್ಮೆ ತೋರಸಕೋತ ಇರ್ರಿ. ಮಶೇರಿ ಮತ್ತ ಹಚ್ಚೀರಿ ಅಂದ್ರ ಇದು ಮತ್ತ ಬರತೈತಿ, ಆವಾಗ ಹಿಂಗ ಕರಗೂದಿಲ್ಲ."

ಅಲುಗುತ್ತಿದ್ದ ಎರಡು ಹಲ್ಲುಗಳಲ್ಲಿ ಒಂದು ಉಳಿಯಿತು. ಇನ್ನೊಂದನ್ನು ತೆಗೆಯಬೇಕಾಯಿತು. ಅಕ್ಕ ಅದನ್ನು ಕಾಗದದಲ್ಲಿ ಸುತ್ತಿಸಿಕೊಂಡಳು. ನನ್ನ ಹಾಲುಹಲ್ಲು ಬಿದ್ದಾಗಲೆಲ್ಲ ಅವಳೇ ನನ್ನ ಕೈ ಹಿಡಿದು ಹಂಚಿನ ಮೇಲೆ ಒಗೆಸುತ್ತಿದ್ದಳು. ಇದನ್ನೂ ಖಾನಾಪುರಕ್ಕೆ ಹೋಗಿ ಹಂಚಿನ ಮೇಲೆ ಒಗೆದಳಂತೆ. "ಹೊಸಾದು ಬರೂದಿಲ್ಲಂತ ಗೊತ್ತೈತಿ. ಇರ್ಲಿ, ಅದರ ಜಾಗಾಕ್ಕ ಅದು ಹೋಗ್ಲಿ" ಎಂದಳು ಫೋನಿನಲ್ಲಿ.

ಒಂದು ತಿಂಗಳ ಮೇಲೆ ಖಾನಾಪುರಕ್ಕೆ ಹೋದೆ. ಬೆಳಿಗ್ಗೆ ಎದ್ದು, ಮೆತ್ತನೆಯ ಬ್ರಶ್ ಹಿಡಿದು, ಹಿತ್ತಲಿಗೆ ಬಂದೆ. ಮೆಟ್ಟಿಲು ಖಾಲಿ ಇತ್ತು. ಅಕ್ಕ ನಳದ ಬಾಜೂ ನಿಂತು ಹಲ್ಲುಜ್ಜುತ್ತಿದ್ದಳು, ಓರೆ ಹಿಡಿದು, ಸಣ್ಣ ಸುತ್ತು ಹಾಕುತ್ತ, ಡಾಕ್ಟರು ಕಲಿಸಿದಂತೆಯೇ. ಎರಡು ನಿಮಿಷ. ಉಗುಳಿದಳು, ಬ್ರಶ್ ತೊಳೆದಳು. ಒಳಗಿನಿಂದ ಸೊಸೆ, "ಆತೇನ್ರಿ ಅತ್ತಿ? ಚಾ ಸೋಸರಿ, ಇಲ್ಲಿ ನನ್ನ ಕೈ ಹಿಟ್ಟಾಗೈತಿ" ಎಂದಳು. ಒಳ್ಳೆಯ ಹುಡುಗಿ, ಅವಳ ತಪ್ಪೇನೂ ಇಲ್ಲ. ಅಕ್ಕ "ಬಂದೆ" ಎಂದು ನಡೆದೇಬಿಟ್ಟಳು.

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಎಳೆ ಬಿಸಿಲು ನಡುವಿನ ಮೆಟ್ಟಿಲಿಗೆ ಬಿದ್ದಿತ್ತು, ಯಾರೂ ಇಲ್ಲದ ಕಡೆ. ಅಕ್ಕನ ಬಾಯಿ ಉಳಿಯಿತು. ಅದನ್ನೇ ನಾನು ಬೇಡಿದ್ದು, ಅದೇ ಸಿಕ್ಕಿತು. ಆದರೆ ಅವಳ ಅರ್ಧ ತಾಸನ್ನು ನಾನು ಡಬ್ಬಿಯ ಜೊತೆಗೇ ಖಾನೆಯಲ್ಲಿಟ್ಟು ಕೀಲಿ ಹಾಕಿದ್ದೆ.

ಜೇಬಿನಲ್ಲಿ ಡಾಕ್ಟರು ಕೊಟ್ಟ ಸೂಚನೆಗಳ ಕಾಗದ ಇತ್ತು. ಚಿಂತೆಗಾರ ಇಂಥವನ್ನು ಮಡಚಿ ಇಟ್ಟುಕೊಂಡೇ ತಿರುಗುತ್ತಾನೆ. ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಚೇರಿಯ ದನಿಯಲ್ಲಿ ಓದಿದೆ: "ಹಲ್ಲುಜ್ಜಿದ ನಂತರ ಉಗುಳಬೇಕು, ಬಹಳ ನೀರಿನಿಂದ ಮುಕ್ಕಳಿಸಬಾರದು. ಪೇಸ್ಟಿನ ಅಂಶ ಹಲ್ಲಿನ ಮೇಲೆ ಉಳಿಯಲು ಅರ್ಧ ತಾಸು ಏನನ್ನೂ ತಿನ್ನಬಾರದು, ಕುಡಿಯಬಾರದು." ಇಷ್ಟು ಕಾಗದದಲ್ಲಿತ್ತು. ಮುಂದಿನದನ್ನೂ ಅದೇ ದನಿಯಲ್ಲಿ, ಕಾಗದದಿಂದ ಕಣ್ಣು ತೆಗೆಯದೆ ಓದಿದೆ: "ಈ ಅರ್ಧ ತಾಸು ಎಳೆ ಬಿಸಿಲಿನಲ್ಲಿ ಸುಮ್ಮನೆ ಕೂತಿರಬೇಕು. ಕೆಲಸ ಮಾಡಬಾರದು."

ಹುಟ್ಟಿದಾರಭ್ಯ ಯಾವ ಕಾಗದಕ್ಕೂ ಇಲ್ಲದ ಸಾಲು ಸೇರಿಸಿದವನಲ್ಲ ನಾನು. ಕಿವಿ ಬಿಸಿಯಾಯಿತು.

"ಅಯ್ಯ, ಮೊದ್ಲ ಹೇಳಬಾರದೇನ್ರಿ ಮಾಮಾ" ಎಂದಳು ಸೊಸೆ. "ಹೋಗ್ರಿ ಅತ್ತಿ, ಕುಂದರ್ರಿ. ಚಾ ನಾ ಸೋಸತೇನಿ."

ಅಕ್ಕ ನನ್ನ ಕಿವಿಗಳನ್ನೇ ನೋಡುತ್ತಿದ್ದಳು. ಸಣ್ಣವನಿದ್ದಾಗಿನಿಂದ ನನ್ನ ಸುಳ್ಳು ಅಲ್ಲೇ ಕಾಣುತ್ತದೆಂದು ಅವಳಿಗೆ ಗೊತ್ತು. ಬಂದು ನಡುವಿನ ಮೆಟ್ಟಿಲ ಮೇಲೆ ಕೂತಳು. ನಾಲಿಗೆಯಿಂದ ಹಲ್ಲಿಲ್ಲದ ಸಂದನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಬರಿಗೈ ಮಡಿಲಲ್ಲಿತ್ತು, ತೋರುಬೆರಳು ತನ್ನಷ್ಟಕ್ಕೆ ಸುತ್ತು ಹಾಕುತ್ತಿತ್ತು.

"ಅವತ್ತ ನಿಮ್ಮ ಮನಿ ಬೇಸಿನ್ ಮುಂದ ಒಂದ ಹೇಳಾಕ ಹೋಗಿದ್ನೆಲ್ಲ" ಎಂದು ಶುರು ಮಾಡಿದಳು.

ಈಗ ಅವಳು ದಿನಾ ಕೂಡುತ್ತಾಳಂತೆ. ಸೊಸೆಯೂ ಒಮ್ಮೊಮ್ಮೆ ಬ್ರಶ್ ಹಿಡಿದು ಬಂದು ಕೂಡುತ್ತಾಳಂತೆ. ನಾನು ಎಲ್ಲ ಭಾನುವಾರವೂ ಹೋಗಲಾರೆ. ಕಚೇರಿ, ಮದುವೆ, ಮಳೆ, ಒಂದಿಲ್ಲೊಂದು. ಬೆಳಗಾವಿಯಲ್ಲಿ ಆರಕ್ಕೆ ಎದ್ದು ಎರಡು ನಿಮಿಷ ಮೆತ್ತಗೆ ಉಜ್ಜುತ್ತೇನೆ. ಗಂಟೆ ಹೊಡೆದ ಮೇಲೆ ಉಗುಳಿ, ಬಾಲ್ಕನಿಯ ಹೊಸ್ತಿಲ ಮೇಲೆ, ಖಾನಾಪುರದ ರಸ್ತೆ ಇರುವ ದಿಕ್ಕಿಗೆ ಮುಖ ಮಾಡಿ ಕೂಡುತ್ತೇನೆ. ಅಲ್ಲಿಂದ ಕಾಣುವುದು ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟಾಕಿ.

"ಏನ್ರಿ, ಚಾ ಆರಾಕತ್ತೈತಿ. ಅಲ್ಲಿ ಕುಂತ ಏನ ಮಾಡಾಕತ್ತೀರಿ?" ಎಂದು ಹೆಂಡತಿ ಕೂಗುತ್ತಾಳೆ.

ಬ್ರಶ್ ಆಗಲೇ ತೊಳೆದು ಲೋಟದಲ್ಲಿಟ್ಟಿರುತ್ತೇನೆ. ಆದರೂ ಬಾಯಿಗೆ ಬರುವುದು ಒಂದೇ ಉತ್ತರ.

"ಹಲ್ಲ ತಿಕ್ಕಾಕತ್ತೇನಿ."